ಒಲ್ಲೆ ಎನ್ನುವ ಪಾಠ

ಕಂಪ್ಲಿಯ ಓಣಿಗಳಲ್ಲಿ ನಾಯಿ ಸಾಕುವುದು ಅಂತ ಬೇರೆ ಕೆಲಸವೇನೂ ಇಲ್ಲ. ನಾಯಿ ಇರುತ್ತದೆ, ಅಷ್ಟೆ. ಕೋಟೆ ಕಡೆಯದು ಬಸ್ ಸ್ಟ್ಯಾಂಡಿಗೆ ಬಂದರೆ ಅಲ್ಲಿಯವು ಅಟ್ಟಿಸಿಕೊಂಡು ಹೋಗುತ್ತವೆ. ಅಕ್ಕಿ ಗಿರಣಿಯ ಮುಂದೆ ಮಲಗುವುದು ಲಾರಿಯವರು ಚಹಾಕ್ಕೆ ಇಳಿಯುವ ಹೊತ್ತಿಗೆ ಸರಿಯಾಗಿ ಮೈಕೊಡವಿ ಏಳುತ್ತದೆ. ಯಾರ ಮನೆಯಲ್ಲಿ ರಾತ್ರಿ ರೊಟ್ಟಿ ಉಳಿಯುತ್ತದೆ, ಯಾರ ಮನೆಯಲ್ಲಿ ಬರೀ ಬೈಗುಳ ಸಿಗುತ್ತದೆ ಎಂಬ ಲೆಕ್ಕ ಅವಕ್ಕೆ ಬಾಯಿಪಾಠ. ಯಾರೂ ಕಲಿಸಿದ್ದಲ್ಲ. ಬೇಡುವಲ್ಲಿ ಬೇಡುತ್ತವೆ, ಕದಿಯುವಲ್ಲಿ ಕದಿಯುತ್ತವೆ, ನೆಲಕ್ಕೆ ಬಗ್ಗಿದವನ ಕೈ ಕಲ್ಲು ಮುಟ್ಟುವ ಮೊದಲೇ ಓಟ ಕೀಳುತ್ತವೆ. ಇದೆಲ್ಲ ನಾಯಿಯ ಹುಟ್ಟುಗುಣ ಎಂದೇ ನಾನು ತಿಳಿದಿದ್ದೆ. ಬೇಡಲು, ಕದಿಯಲು, ಓಡಲು ಗೊತ್ತಿಲ್ಲದ ನಾಯಿ ಎಂಬುದೊಂದು ಇರಬಹುದೆಂಬ ಯೋಚನೆ ಬರುವುದಕ್ಕೆ ಕಾರಣವೇ ಇರಲಿಲ್ಲ.

2016ರಲ್ಲಿ ಬೆಂಗಳೂರಿನ ಔಷಧ ಪ್ರಯೋಗಾಲಯವೊಂದರಿಂದ 156 ಬೀಗಲ್ ನಾಯಿಗಳು ಹೊರಬಂದವು. ಒಂದೇ ಸಲಕ್ಕಲ್ಲ, ತಂಡ ತಂಡವಾಗಿ. ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ 1991ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ, ಜನರ ಬಾಯಲ್ಲಿ ಕ್ಯುಪಾ ಎಂದೇ ಓಡಾಡುವ ಸಂಸ್ಥೆ ಅವುಗಳ ಹೊಣೆ ಹೊತ್ತು ಮನೆ ಹುಡುಕಿತು. ಹೀಗೆ ಬಿಡುಗಡೆಯಾದ ಬೀಗಲ್‌ಗಳಿಗೆ ಫ್ರೀಗಲ್‌ಗಳು ಎಂದು ಹೆಸರಾಯಿತು. ನಮ್ಮ ದೇಶದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ನೋಡಿಕೊಳ್ಳಲು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಒಂದು ಸಮಿತಿ ಇದೆ. ಮೂರು ವರ್ಷ ದುಡಿದ ನಾಯಿಯನ್ನು ಬಿಟ್ಟು ಮನೆ ಸೇರಿಸಬೇಕೆಂಬ ಅದರ ನಿಯಮದಿಂದಲೇ ಈ ಬಾಗಿಲು ತೆರೆದದ್ದು. ಇಲ್ಲಿ 'ದುಡಿದ' ಎನ್ನುವಾಗ ಕೈ ತಡೆಯುತ್ತದೆ. ಎತ್ತು ದುಡಿಯುತ್ತದೆ, ಕತ್ತೆ ದುಡಿಯುತ್ತದೆ. ಇವು ದುಡಿದದ್ದು ಸುಮ್ಮನೆ ನಿಂತು.

ಹೊಸ ಔಷಧ ಮನುಷ್ಯರ ಹೊಟ್ಟೆಗೆ ಹೋಗುವ ಮೊದಲು ಇಲಿಯಂಥ ಒಂದು ಪ್ರಾಣಿಯಲ್ಲಿ, ಇಲಿಯ ಜಾತಿಗೆ ಸೇರದ ಇನ್ನೊಂದರಲ್ಲಿ ಅದರ ವಿಷಗುಣ ಪರೀಕ್ಷಿಸುವುದು ಜಗತ್ತಿನ ರೂಢಿ. ಆ ಇನ್ನೊಂದರ ಜಾಗದಲ್ಲಿ ಹೆಚ್ಚಾಗಿ ನಿಲ್ಲುವುದು ನಾಯಿ, ನಾಯಿಗಳಲ್ಲಿ ಬೀಗಲ್. ಇಂಗ್ಲೆಂಡಿನಲ್ಲಿ ಮೊಲದ ಬೇಟೆಗೆಂದು ಬೆಳೆಸಿದ ತಳಿ ಅದು. ನೆಲಕ್ಕೆ ಮೂಗು ಹಚ್ಚಿದರೆ ಮೈಲಿಗಟ್ಟಲೆ ತಲೆ ಎತ್ತುವುದಿಲ್ಲ. ಅಮೆರಿಕದ ಕೃಷಿ ಇಲಾಖೆ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಚೀಲದೊಳಗಿನ ಹಣ್ಣು, ಮಾಂಸ ಪತ್ತೆಹಚ್ಚಲು 1984ರಿಂದ ಈ ಮೂಗನ್ನೇ ನೆಚ್ಚಿಕೊಂಡಿದೆ. ಆದರೆ ಪ್ರಯೋಗಾಲಯಕ್ಕೆ ಬೇಕಾದದ್ದು ಮೂಗಲ್ಲ. ಮಧ್ಯಮ ಗಾತ್ರ, ಜೊತೆಯವುಗಳೊಡನೆ ಜಗಳವಾಡದ ಸ್ವಭಾವ, ಎಲ್ಲಕ್ಕಿಂತ ಮಿಗಿಲಾಗಿ, ನೋಯಿಸಿದರೂ ತಿರುಗಿ ಕಚ್ಚದ ಸಾಧುತನ.

ಮೆತ್ತಗಿದ್ದವರಿಗೆ ಮತ್ತೊಂದು ಗುದ್ದು ಎನ್ನುತ್ತೇವೆ. ಗಾದೆ ಮನುಷ್ಯರ ಬಗ್ಗೆ ಹೇಳುವಾಗ ಅದರೊಳಗೊಂದು ಎಚ್ಚರಿಕೆ ಇರುತ್ತದೆ: ಅಷ್ಟು ಮೆತ್ತಗಿರಬೇಡ ಮಾರಾಯ, ಎಂದು. ಈ ನಾಯಿಯ ಮಟ್ಟಿಗೆ ಅದೇ ಗಾದೆ ಆಯ್ಕೆಯ ನಿಯಮವಾಯಿತು. ಯಾವುದು ನಂಬುತ್ತದೋ ಅದನ್ನೇ ಆರಿಸು. ಕಚ್ಚುವ ತಳಿಗಳು ಕಚ್ಚುವುದರಿಂದಲೇ ಪಂಜರ ತಪ್ಪಿಸಿಕೊಂಡವು. ಸಾವಿರಾರು ವರ್ಷ ನಮ್ಮ ಒಲೆಯ ಬೂದಿಯ ಪಕ್ಕ ಮಲಗಿ ನಾಯಿ ಕಲಿತ ನಂಬಿಕೆಯೇ ಇದನ್ನು ಅಲ್ಲಿಗೆ ಮುಟ್ಟಿಸಿತು ಎಂಬುದು ನನಗೆ ಸೂಜಿಗಿಂತ ಹೆಚ್ಚು ಚುಚ್ಚುವ ಸಂಗತಿ.

ನನ್ನ ತಂಗಿ ಬೆಂಗಳೂರಿನಲ್ಲಿದ್ದಾಳೆ. ಇಂಥ ಬಿಡುಗಡೆಯ ನಾಯಿಯೊಂದು ಅವಳ ಮನೆ ಸೇರಿತು. ಕಿವಿಯ ಒಳಮೈಗೆ ಹಚ್ಚೆ ಹಾಕಿದ ಒಂದು ಸಂಖ್ಯೆ ಬಿಟ್ಟರೆ ಅದಕ್ಕೆ ಹೆಸರಿರಲಿಲ್ಲ. ಮಕ್ಕಳು ಕಡ್ಲಿ ಎಂದು ಕರೆದರು. ಕರೆದರೆ ತಿರುಗಿ ನೋಡಬೇಕೆಂಬುದೂ ಅದಕ್ಕೆ ತಿಳಿಯದು. ಮೆಟ್ಟಿಲು ತಿಳಿಯದು, ಹುಲ್ಲು ತಿಳಿಯದು. ಹುಲ್ಲಿನ ಮೇಲೆ ಇಳಿಸಿದರೆ ಬಿಸಿ ಹಂಚಿನ ಮೇಲೆ ಇಟ್ಟಂತೆ ಒಂದೊಂದೇ ಪಾದ ಎತ್ತುತ್ತಿತ್ತಂತೆ. ಮೊದಲ ವಾರಗಳಲ್ಲಿ ಮಂಚದ ಅಡಿಯೇ ಅದರ ಊರು. ತಟ್ಟೆ ಇಟ್ಟು, ಮನೆಯವರೆಲ್ಲ ಕೋಣೆ ಬಿಟ್ಟು ಹೋಗಿ, ದೀಪ ಆರಿಸಿದ ಮೇಲೆ ತಿನ್ನುತ್ತಿತ್ತು. ನಿಂತಲ್ಲೇ ಉಚ್ಚೆ ಮಾಡುವುದು ಅದರ ತಪ್ಪಲ್ಲ. ಹುಟ್ಟಿದ ಲಾಗಾಯ್ತು ನಿಂತಲ್ಲೇ ಮಾಡಿ ಅಭ್ಯಾಸ, ಬೇರೆ ಜಾಗ ಎಂಬುದೇ ಇರಲಿಲ್ಲವಲ್ಲ.

ಇಂಥ ನಾಯಿಗೆ ಕಲಿಸುವುದೆಂದರೇನು? ನಾಯಿ ಪಳಗಿಸುವವರು ಎಂದರೆ ನಮ್ಮ ಕಣ್ಣಿಗೆ ಬರುವುದು ಪೊಲೀಸ್ ಕವಾಯತು: ಕೂಡು ಎಂದರೆ ಕೂಡಬೇಕು, ಬಾ ಎಂದರೆ ಬರಬೇಕು, ಕೈ ಕೊಡು ಎಂದರೆ ಕೈ ಕೊಡಬೇಕು. ಕಡ್ಲಿಗೆ ಆ ಪಾಠ ಆಗಲೇ ಮುಗಿದಿತ್ತು, ಬೇಕಾದ್ದಕ್ಕಿಂತ ಹೆಚ್ಚೇ ಆಗಿತ್ತು. ಎತ್ತಿದರೆ ಎತ್ತಿಸಿಕೊಳ್ಳುತ್ತಿತ್ತು, ಮೇಜಿನ ಮೇಲೆ ಇಟ್ಟರೆ ಇಟ್ಟಲ್ಲೇ ಇರುತ್ತಿತ್ತು. ಅಷ್ಟು ವಿಧೇಯ ನಾಯಿಯನ್ನು ನೋಡಿದವರು 'ಎಷ್ಟು ಚೆನ್ನಾಗಿ ಕಲಿತಿದೆ' ಎಂದು ಹೊಗಳುತ್ತಿದ್ದರು. ಅನುಭವಸ್ಥರು ತಂಗಿಗೆ ಹೇಳಿದ್ದು ಬೇರೆಯೇ. ಎದುರಿನಿಂದ ಬಗ್ಗಿ ಹಿಡಿಯಬೇಡಿ, ಪಕ್ಕದಲ್ಲಿ ಕೂಡಿ. ಕಣ್ಣಿಟ್ಟು ನೋಡಬೇಡಿ. ಅದು ತಾನಾಗಿ ಬರುವವರೆಗೆ ಮುಟ್ಟಬೇಡಿ. ಬೀದಿಗೆ ಕರೆದೊಯ್ಯುವಾಗ ಎರಡು ಹಗ್ಗ ಕಟ್ಟಿ, ಒಂದು ಕೊರಳಿಗೆ, ಒಂದು ಎದೆಪಟ್ಟಿಗೆ. ಗಾಬರಿಗೆ ಹಾರಿದರೆ ಮತ್ತೆ ಸಿಗದು. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ. ತಂಗಿಯ ಮನೆಯಲ್ಲೊಂದು ಬೀದಿಯಿಂದ ಬಂದ ಮುದಿ ನಾಯಿ ಇತ್ತು. ಬಾಗಿಲು ಕೆರೆದರೆ ತೆರೆಯುತ್ತದೆ ಎಂಬುದನ್ನು ಕಡ್ಲಿ ಕಲಿತದ್ದು ಅದರಿಂದ, ಮನುಷ್ಯರಿಂದಲ್ಲ.

ಹಳೆಯ ಬಟ್ಟೆಯ ಮಡಿಕೆಗಳಲ್ಲಿ ಕಡಲೆಬೀಜದ ಚೂರು ಬಚ್ಚಿಟ್ಟು ಹುಡುಕಲು ಬಿಡುವುದು ಇನ್ನೊಂದು ಪಾಠ. ಬೀಗಲ್‌ಗೆ ಮೂಗು ಮರಳಿ ಕೊಡುವ ಆಟ ಇದು. ಫಿನಾಯಿಲಿನ ಒಂದೇ ವಾಸನೆ, ಒಂದೇ ಒಣ ಆಹಾರ, ಅದರಲ್ಲಿ ವರ್ಷಗಟ್ಟಲೆ ಇದ್ದ ಮೂಗಿಗೆ ಹುಡುಕಿದರೆ ಸಿಗುತ್ತದೆ ಎಂಬುದೇ ಸುದ್ದಿ. ಹುಡುಕಬೇಕೆಂದರೆ ಮೊದಲು ಬೇಕು ಅನ್ನಿಸಬೇಕು. ಆ ಬೇಕು ಎಂಬುದನ್ನೇ ಅಲ್ಲಿ ಒರೆಸಿ ಹಾಕಿದ್ದರು.

ಒಂದು ದಸರಾ ರಜೆಗೆ ತಂಗಿ ಅದನ್ನು ಕಂಪ್ಲಿಗೆ ಕರೆತಂದಳು. ಓಣಿಯ ನಾಯಿಗಳು ಬಾಗಿಲಿಗೆ ಬಂದು ಗಂಟಲು ಹರಿದುಕೊಂಡವು. ಇದು ತೆಪ್ಪಗೆ ನೋಡುತ್ತಿತ್ತು. ಎದುರುಮನೆಯ ಅಜ್ಜ ಕಟ್ಟೆಯ ಮೇಲಿಂದಲೇ ವಿಚಾರಣೆ ನಡೆಸಿದರು.

"ಯವ್ವಾ, ಇದು ಬೊಗಳಂಗಿಲ್ಲೇನು?"

"ಇಲ್ಲ ಅಜ್ಜಾ, ಇನ್ನೂ ಕಲ್ತಿಲ್ಲ."

"ಬೊಗಳಾದು ಕಲೀಬೇಕೇನವ್ವಾ! ಬೊಗಳ್ದಿದ್ದ ನಾಯಿ ಯಾತಕ್ಕ?"

ಸಂಜೆ ನಮ್ಮವ್ವ ಎಂದಿನಂತೆ ಫ್ರಿಜ್ಜಿನಿಂದ ಇನ್ಸುಲಿನ್ ಬಾಟಲಿ ತೆಗೆದು ಸಿರಿಂಜಿಗೆ ಎಳೆದುಕೊಳ್ಳುತ್ತಿದ್ದಳು. ಕಡ್ಲಿ ಎದ್ದು ಬಂತು. ಅವಳ ಮುಂದೆ ಕೂತು, ಮುಖ ಪಕ್ಕಕ್ಕೆ ತಿರುಗಿಸಿ, ಮುಂಗಾಲು ಚಾಚಿತು. ಅವ್ವನಿಗೆ ಅದು ಕೈ ಕೊಡುತ್ತಿದೆ ಎನ್ನಿಸಿ ಸಂತೋಷವಾಯಿತು. "ಎಷ್ಟು ಶ್ಯಾಣ್ಯಾ ಐತಿ ನೋಡ್ರಿ, ಯಾರು ಕಲಿಸಿದ್ರೋ!" ಎಂದಳು. ತಂಗಿ ನಾಯಿಯನ್ನು ಎತ್ತಿಕೊಂಡು ಒಳಗೆ ಹೋದಳು. ಅವ್ವನಿಗೆ ಏನು ಹೇಳುವುದು? ಕಲಿಸಿದವರು ಯಾರೆಂದು ಹೇಳಿದರೆ, ಯಾರಿಗಾಗಿ ಎಂಬುದನ್ನೂ ಹೇಳಬೇಕಾಗುತ್ತದೆ.

ನಾಯಿಯ ಈ ಶರಣಾಗತಿಯನ್ನು ನಮ್ಮ ಸೀಮೆ ಪೂಜಿಸಿದೆ, ಅದೂ ಸುಮ್ಮನೆ ಮಾತಿನಲ್ಲಲ್ಲ. ಹೂವಿನಹಡಗಲಿಯ ಮೈಲಾರದಲ್ಲಿ, ಮೈಲಾರಲಿಂಗನ ಒಕ್ಕಲಿನ ಮನೆಗಳಲ್ಲಿ, ಕಂಬಳಿ ಹೊದ್ದ ಗೊರವಯ್ಯಗಳು ದೋಣಿ ತುಂಬಿಸುವುದನ್ನು ಈ ಕಡೆಯವರೆಲ್ಲ ನೋಡಿರುತ್ತಾರೆ. ಮರದ ದೋಣಿಯಲ್ಲಿ ಹಾಲು, ಬಾಳೆಹಣ್ಣು ಹಾಕಿ ಇಟ್ಟರೆ ಗೊರವರು ಮಂಡಿಯೂರಿ, ಬೊಗಳುತ್ತ, ಒಬ್ಬರ ಮೇಲೊಬ್ಬರು ಗುರುಗುಡುತ್ತ, ಬಾಯಿಂದಲೇ ತಿನ್ನುತ್ತಾರೆ. ಆ ಹೊತ್ತಿಗೆ ಅವರು ದೇವರ ನಾಯಿಗಳು. ಮನುಷ್ಯ ತನ್ನ ಹಮ್ಮು ಕಳಚಿಡಬೇಕೆಂದರೆ ನಾಯಿಯಾಗಬೇಕು ಎಂಬ ಭಾವ ದೊಡ್ಡದೇ. ಆದರೆ ಗಮನಿಸಬೇಕಾದ ಒಂದು ವಿಷಯವಿದೆ. ಗೊರವಯ್ಯ ದೇವರ ಮುಂದೆ ನಾಯಿಯಾದಾಗಲೂ ಬೊಗಳುತ್ತಾನೆ, ದೋಣಿಗಾಗಿ ಕಿತ್ತಾಡುತ್ತಾನೆ. ಮೈಲಾರನಿಗೆ ಸದ್ದಿಲ್ಲದ ನಾಯಿ ಬೇಡ. ಮುಗಿದ ಮೇಲೆ ಎದ್ದು ಮೂತಿ ಒರೆಸಿಕೊಂಡು ಎಲೆಅಡಿಕೆ ಹಾಕಿಕೊಳ್ಳುತ್ತಾನೆ. ಶರಣಾಗತಿಗೆ ಬೆಲೆ ಬರುವುದು ಅದನ್ನು ಒಲ್ಲೆ ಎನ್ನುವ ದಾರಿ ತೆರೆದಿದ್ದಾಗ. ಪಂಜರದಲ್ಲಿ ನಿಂತ ನಾಯಿಯ ವಿಧೇಯತೆಯನ್ನು ನಿಷ್ಠೆ ಎಂದು ಕರೆದರೆ ನಿಷ್ಠೆಗೇ ಅವಮಾನ.

ಹಳಗನ್ನಡದ ಕಾಲದ ಒಂದು ನಾಯಿಯನ್ನು ಇಲ್ಲಿ ನೆನೆಯದೆ ಇರಲಾರೆ. ಮದ್ದೂರಿನ ಹತ್ತಿರದ ಆತಕೂರಿನಲ್ಲಿದ್ದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲಿನ ಕಥೆ ಅದು. 949ರಲ್ಲಿ ತಕ್ಕೋಲದ ಕದನದಲ್ಲಿ ಚೋಳರ ರಾಜಾದಿತ್ಯ ಸತ್ತ. ಗಂಗರ ಬೂತುಗನ ಕಡೆ ಮೆರೆದ ಮಣಲೆರನೆಂಬ ವೀರನಿಗೆ ಏನು ಬೇಕೋ ಕೇಳು ಎಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ; ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಒಂದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನೆಟ್ಟು, ಭೂಮಿ ಬಿಟ್ಟು, ಅಲ್ಲಿಯ ಗೊರವ ಆ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಕಟ್ಟುಪಾಡು ಮಾಡಿದರು. ಕಾಳಿಯನ್ನೂ ಮನುಷ್ಯರೇ ತಮ್ಮ ಕೆಲಸಕ್ಕೆ ಬಳಸಿದ್ದು, ಸತ್ತದ್ದೂ ಮನುಷ್ಯರ ಬೇಟೆಯಲ್ಲೇ. ಹಳೆಯ ಕಾಲ ಕರುಣೆಯ ಕಾಲವಾಗಿತ್ತು ಎಂದು ನಾನು ಹೇಳಹೊರಟಿಲ್ಲ. ಆದರೆ ಅದಕ್ಕೆ ಹೆಸರಿತ್ತು, ಹಂದಿಯ ಮೇಲೆ ಬೀಳುವ ಸಿಟ್ಟಿತ್ತು, ಸತ್ತಾಗ ಇದು ನಮ್ಮ ಮೇಲಿನ ಸಾಲ ಎಂದು ಬರೆದಿಟ್ಟವರಿದ್ದರು.

ಕಂಪ್ಲಿಯ ಸ್ವಂತ ಕಥೆಯೂ ಸಾಲದ್ದಲ್ಲವಾದರೂ ಮರೆಹೊಕ್ಕವರದು. ದೆಹಲಿಯ ಮಹಮ್ಮದ್ ಬಿನ್ ತುಘಲಕನ ಮೇಲೆ ದಂಗೆಯೆದ್ದು ಸೋತ ಬಹಾಉದ್ದೀನ್ ಗುರ್ಶಾಸ್ಪ್ ಓಡಿಬಂದು ಕಂಪಿಲರಾಯನ ಮರೆ ಬೇಡಿದ. ಸುಲ್ತಾನನ ನಂಟನೇ ಅವನು. ಹಿಡಿದುಕೊಟ್ಟಿದ್ದರೆ ರಾಜ್ಯ ಉಳಿಯುತ್ತಿತ್ತು. ಕಂಪಿಲ ಕೊಡಲಿಲ್ಲ. 1327ರ ಹೊತ್ತಿಗೆ ಕುಮ್ಮಟದುರ್ಗ ಬಿತ್ತು, ರಾಯ ಸತ್ತ, ಅವನ ಮಗ ಕುಮಾರರಾಮ ನಮ್ಮ ಹಾಡುಗಳಿಗೆ ಸೇರಿದ. ಇಬ್ನ್ ಬತೂತನಂಥ ಹೊರಗಿನವನೂ ಈ ಪ್ರಸಂಗವನ್ನು ಬರೆದಿದ್ದಾನೆ. ಮರೆಹೊಕ್ಕವನನ್ನು ಬಿಡಲಾರೆ ಎಂಬ ಮಾತು ಮಹಾಭಾರತದ ತುದಿಯಲ್ಲೂ ಬರುತ್ತದೆ. ಸ್ವರ್ಗದ ರಥ ಎದುರಿಗೆ ನಿಂತಾಗ, ಹಿಂದೆ ಬಂದ ನಾಯಿಯನ್ನು ಬಿಟ್ಟು ಹತ್ತಲಾರೆ ಎಂದು ಧರ್ಮರಾಜ ಹಟ ಹಿಡಿಯುತ್ತಾನೆ.

ಎರಡೂ ದೊಡ್ಡ ಮಾತುಗಳೇ. ಆದರೂ ಕಡ್ಲಿಗೆ ಎರಡೂ ಹೊಂದುವುದಿಲ್ಲ. ಗುರ್ಶಾಸ್ಪ್ ಬಾಯಿಬಿಟ್ಟು ಮರೆ ಬೇಡಿದ. ಧರ್ಮರಾಯನ ನಾಯಿ ಹಿಮಾಲಯದವರೆಗೆ ತನ್ನ ಕಾಲ ಮೇಲೆ ನಡೆದು ಬಂತು. ಬೇಡಿದವನಿಗೆ ಕೊಡುವುದು ಧರ್ಮ, ಸರಿ. ಬೇಡುವುದೇ ಗೊತ್ತಿಲ್ಲದ್ದಕ್ಕೆ? ಪೆಟ್ಟಿಗೆಯಿಂದ ಪೆಟ್ಟಿಗೆಗೆ ಎತ್ತಿಟ್ಟ ಹಾಗೆ ಪ್ರಯೋಗಾಲಯದಿಂದ ತಂಗಿಯ ಮನೆಗೆ ಬಂದದ್ದಕ್ಕೆ, ಮನೆ ಎಂಬುದು ಇನ್ನೊಂದು ಪ್ರಯೋಗವಲ್ಲ ಎಂದು ಹೇಗೆ ತಿಳಿಯಬೇಕು? ದತ್ತು ಎಂಬುದು ಕಾಗದದಲ್ಲಿ ಒಂದು ದಿನದ್ದು. ನಾಯಿಯ ಕಡೆಯಿಂದ ಅದು ನಡೆಯುವುದು ಯಾವತ್ತೋ. ಕಡ್ಲಿ ಅಡುಗೆಮನೆಯ ಕಟ್ಟೆಗೆ ಮುಂಗಾಲಿಟ್ಟು ಚಪಾತಿ ಕದ್ದ ದಿನ ತಂಗಿ ನನಗೆ ಫೋನ್ ಮಾಡಿ, ಮಗು ಮೊದಲ ಹೆಜ್ಜೆ ಇಟ್ಟಿತೇನೋ ಎನ್ನುವಂತೆ ಹೇಳಿದ್ದಳು. ಆ ದಿನವೇ ದತ್ತು ಆದದ್ದೆಂದು ನನ್ನ ಅನಿಸಿಕೆ.

ಇನ್ನು ಅವ್ವನ ಸಿರಿಂಜಿನ ಮಾತು. ಅದನ್ನು ದಾಟಿ ಹೋಗಲಾಗದು. ಇನ್ಸುಲಿನ್ ಸಿಕ್ಕದ್ದು 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ, ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇದೋಜೀರಕ ಗ್ರಂಥಿಯ ಮೇಲೆ ನಡೆಸಿದ ಪ್ರಯೋಗಗಳಿಂದ. ಮರುವರ್ಷದ ಜನವರಿಯಲ್ಲಿ ಸಾಯಲು ಬಿದ್ದಿದ್ದ ಹದಿನಾಲ್ಕರ ಹುಡುಗನೊಬ್ಬ ಅದರಿಂದ ಎದ್ದು ಕೂತ. ಅದಕ್ಕೂ ಮೊದಲು ಸಕ್ಕರೆ ಕಾಯಿಲೆ ಮಕ್ಕಳಿಗೆ ಬಂದರೆ ಎಣಿಸಿ ಉಳಿದ ದಿನಗಳು. ಹಾಗಾಗಿ ಪ್ರಯೋಗಾಲಯದವರನ್ನು ರಾಕ್ಷಸರೆಂದು ಕರೆದು ಕೈತೊಳೆದುಕೊಳ್ಳುವ ಹಕ್ಕು ನನಗಿಲ್ಲ. ಅವ್ವನ ದಿನಗಳ ಮೇಲೆ ಆ ನಾಯಿಗಳ ಋಣ ಇದೆ. ಕಂಪ್ಲಿಯ ಔಷಧಿ ಅಂಗಡಿಯ ಕಪಾಟಿನಲ್ಲಿರುವ ಬಹುಪಾಲು ಗುಳಿಗೆಗಳು ಯಾವುದೋ ಪ್ರಾಣಿಯ ಮೈಯನ್ನು ದಾಟಿಯೇ ಬಂದಿವೆ.

ಮಹಾಭಾರತದ ತುದಿಯಲ್ಲಿ ಮಾತ್ರವಲ್ಲ, ಮೊದಲಲ್ಲೂ ಒಂದು ನಾಯಿಯಿದೆ. ಜನಮೇಜಯನ ಯಾಗಕ್ಕೆ ಸರಮೆಯ ಮರಿ ಬರುತ್ತದೆ. ರಾಜನ ತಮ್ಮಂದಿರು ಹೊಡೆದಟ್ಟುತ್ತಾರೆ. ಅಳುತ್ತ ಬಂದ ಮರಿಯನ್ನು ತಾಯಿ ಮೊದಲು ವಿಚಾರಿಸುವುದು, ಏನು ತಪ್ಪು ಮಾಡಿದೆ ಎಂದು. ಹವಿಸ್ಸನ್ನು ನೆಕ್ಕಲಿಲ್ಲ, ಅದರತ್ತ ನೋಡಲೂ ಇಲ್ಲ ಎನ್ನುತ್ತದೆ ಮರಿ. ಸರಮೆ ಯಾಗಶಾಲೆಗೇ ಹೋಗಿ ಕೇಳುತ್ತಾಳೆ: ನನ್ನ ಮಗ ಏನೂ ಮಾಡಿಲ್ಲ, ಯಾಕೆ ಹೊಡೆದಿರಿ? ಯಾರೂ ಉತ್ತರ ಕೊಡುವುದಿಲ್ಲ. ಆ ಮೌನಕ್ಕೇ ಅವಳು ಶಾಪ ಹಾಕುತ್ತಾಳೆ, ಕಾಣದ ಭಯ ನಿಮ್ಮನ್ನು ಮುಟ್ಟಲಿ ಎಂದು. ನಾವು ಜನಮೇಜಯನ ತಮ್ಮಂದಿರಿಗಿಂತ ಒಂದು ಕೈ ಮೇಲೆ, ನಮ್ಮ ಬಳಿ ಉತ್ತರವಿದೆ. ಟೊರಾಂಟೊದ ಹುಡುಗನನ್ನೂ ನಮ್ಮವ್ವನನ್ನೂ ಸರಮೆಯ ಎದುರು ನಿಲ್ಲಿಸಬಲ್ಲೆವು. ಅದನ್ನು ಕೇಳಿ ಅವಳು ಶಾಪ ಹಿಂದಕ್ಕೆ ಪಡೆಯುತ್ತಾಳೆಂದು ನಾನು ನಂಬುವುದಿಲ್ಲ. ಒಳ್ಳೆಯ ಕಾರಣ ಇದ್ದಮಾತ್ರಕ್ಕೆ ಮರಿಯ ಬೆನ್ನಿನ ಬಾಸುಂಡೆ ಮಾಯುವುದಿಲ್ಲ.

1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಂಗ್ಲಿಷ್ ವಿಜ್ಞಾನಿಗಳು ಪ್ರಯೋಗ ಮಾಡುವವರಿಗೆ ಮೂರು ಸೂತ್ರ ಕೊಟ್ಟರು: ಪ್ರಾಣಿಯ ಬದಲು ಬೇರೆ ದಾರಿ ಹುಡುಕು, ಸಂಖ್ಯೆ ಇಳಿಸು, ನೋವು ತಗ್ಗಿಸು. ಭಾರತದ ಸಮಿತಿ ಅದಕ್ಕೆ ನಾಲ್ಕನೆಯದನ್ನು ಸೇರಿಸಿತು, ಬಳಸಿದ ಪ್ರಾಣಿಗೆ ಮರಳಿ ಬದುಕು ಕಟ್ಟಿಕೊಡು ಎಂದು. ಮೊದಲ ಮೂರು ಪ್ರಯೋಗ ಮುಗಿಯುವವರೆಗಿನ ಮಾತು. ನಾಲ್ಕನೆಯದು ಮುಗಿದ ಮೇಲಿನದು; ಕೆಲಸ ಆಯಿತು, ಸಾಲ ತೀರಲಿಲ್ಲ ಎನ್ನುವ ಮಾತು. ನಮ್ಮ ಸರ್ಕಾರಿ ಕಾಗದಗಳಲ್ಲಿ ಇಂಥದ್ದೊಂದು ಸಾಲು ಕಂಡಾಗ ಆಶ್ಚರ್ಯವಾಗುತ್ತದೆ, ಹೆಮ್ಮೆಯೂ. 2023ರಲ್ಲಿ ಹೊಸ ಔಷಧಗಳ ನಿಯಮಕ್ಕೆ ತಿದ್ದುಪಡಿ ತಂದು, ಪ್ರಾಣಿಗಳ ಬದಲಿಗೆ ಜೀವಕೋಶ, ಕಂಪ್ಯೂಟರ್ ಮಾದರಿಗಳ ಪರೀಕ್ಷೆಗೂ ದಾರಿ ಮಾಡಿದ್ದಾರೆ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು 2014ರಲ್ಲೇ ನಿಂತಿದೆ. ಲಿಪ್‌ಸ್ಟಿಕ್ಕಿಗೆ ಮೊಲದ ಕಣ್ಣು ಬೇಕಾಗಿರಲಿಲ್ಲ ಎಂದು ತಿಳಿಯಲು ಅಷ್ಟು ಕಾಲ ಹಿಡಿಯಿತು. ಔಷಧದ ಲೆಕ್ಕ ಅಷ್ಟು ಸಲೀಸಲ್ಲ, ಗೊತ್ತು.

ಈಗ ಕಡ್ಲಿಗೆ ವಯಸ್ಸಾಗಿದೆ, ಕಿವಿಯ ಸೋಂಕು, ಹಲ್ಲಿನ ತೊಂದರೆ. ಪಶುವೈದ್ಯರ ಬಳಿ ಹೋಗಲೇಬೇಕು, ಸೂಜಿಯನ್ನು ಮತ್ತೆ ನೋಡಲೇಬೇಕು. ತಂಗಿ ಅದಕ್ಕೆಂದು ಒಂದು ಹೊಸ ಅಭ್ಯಾಸ ಹಚ್ಚಿದ್ದಾಳೆ. ಮೃಗಾಲಯಗಳಲ್ಲೂ ನಾಯಿ ಪಳಗಿಸುವವರಲ್ಲೂ ಈಚೆಗೆ ಬಳಕೆಗೆ ಬಂದಿರುವ ಕ್ರಮ ಇದು. ಮಡಚಿದ ಟವಲ್ ಮೇಲೆ ನಾಯಿ ಗದ್ದ ಊರುತ್ತದೆ. ಊರಿರುವವರೆಗೆ ಕಿವಿ ನೋಡಬಹುದು, ಉಗುರು ಕತ್ತರಿಸಬಹುದು, ಮದ್ದು ಹಾಕಬಹುದು. ಗದ್ದ ಎತ್ತಿದರೆ ಎಲ್ಲ ನಿಲ್ಲಬೇಕು, ತಕ್ಷಣ. ಬೈಯುವಂತಿಲ್ಲ, ಹಿಡಿದು ಒತ್ತುವಂತಿಲ್ಲ, ತಿಂಡಿ ತೋರಿಸಿ ಮೋಸ ಮಾಡುವಂತಿಲ್ಲ. ಮತ್ತೆ ಅದಾಗಿ ಗದ್ದ ಇಟ್ಟರೆ ಮುಂದುವರಿಕೆ. ಬೇರೆ ನಾಯಿಗಳಿಗೆ ಗದ್ದ ಊರಿ ನಿಲ್ಲುವುದನ್ನು ಕಲಿಸುವುದು ಕಷ್ಟವಂತೆ. ಕಡ್ಲಿ ಅದನ್ನು ಮೊದಲ ದಿನವೇ ಮಾಡಿತು. ಎತ್ತುವುದನ್ನು ಕಲಿಸುವುದಕ್ಕೆ ತಿಂಗಳುಗಳು ಹಿಡಿದವು. ಕತ್ತರಿ ಉಗುರಿಗೆ ಮುಟ್ಟಿದರೂ ಗದ್ದ ಅಲ್ಲೇ, ಮೈ ಕಲ್ಲು, ಕಣ್ಣು ಗೋಡೆಯ ಕಡೆ. ತಂಗಿಯೇ ಕತ್ತರಿ ಕೆಳಗಿಟ್ಟು ಪಾಠ ನಿಲ್ಲಿಸಿ ಎದ್ದುಬಿಡುತ್ತಿದ್ದಳು, ಒಪ್ಪಿಗೆಯಲ್ಲದ ಒಪ್ಪಿಗೆಯನ್ನು ತಾನು ಬಳಸಿಕೊಳ್ಳಬಾರದೆಂದು.

ಮೊನ್ನೆ ಫೋನಿನಲ್ಲಿ ಸಿಟ್ಟಿನಲ್ಲಿದ್ದಳು. ವೈದ್ಯರ ಮೇಜಿನ ಮೇಲೆ, ಎಲ್ಲ ಸಿದ್ಧವಾಗಿ ಸೂಜಿ ಹತ್ತಿರ ಬಂದಾಗ ಕಡ್ಲಿ ಗದ್ದ ಎತ್ತಿತಂತೆ. ಎತ್ತಿದ್ದಷ್ಟೇ ಅಲ್ಲ, ಸಣ್ಣಗೆ ಗುರ್ ಎಂದಿತಂತೆ. ವೈದ್ಯರಿಗೆ ಇದೆಲ್ಲ ಪುರಸೊತ್ತಿಲ್ಲದ ಕೆಲಸ. ಇಬ್ಬರು ಹಿಡಿದರೆ ಎರಡು ನಿಮಿಷ, ಬಾಯಿಗೆ ಪಟ್ಟಿ ಕಟ್ಟಿ ಎಂದರು. ತಂಗಿ ಒಲ್ಲೆ ಎಂದಳು. ಹಾಗಾದರೆ ಇನ್ನೊಂದು ದಿನ ಬನ್ನಿ ಎಂದು ಅವರು ಮುಂದಿನವರನ್ನು ಕರೆದರು.

"ಎರಡು ತಾಸು ಟ್ರಾಫಿಕ್ಕಿನ್ಯಾಗ ಹೋಗೀನಿ ಅಣ್ಣಾ, ಆಟೋದೋರು ನಾಯಿ ಅಂದ್ರ ಡಬಲ್ ಕೇಳ್ತಾರ. ಮ್ಯಾಲೆ ಫೀಜು ಬ್ಯಾರೆ ತಗೊಂಡ್ರು, ಸೂಜಿ ಚುಚ್ಚಿಲ್ಲ ಏನಿಲ್ಲ!"

"ಮುಂದಿನ ಸಲನೂ ಗದ್ದ ಎತ್ತಿದ್ರ?"

"ಎತ್ತಿದ್ರ ಮತ್ತೊಂದು ಸಲ ಹೋಗಾದು. ಏನ್ ಮಾಡ್ಲಿ, ನಾನೇ ಕಲಿಸೀನಲ್ಲ," ಎಂದು ಫೋನ್ ಇಟ್ಟಳು.